ಆರು ಪುಸ್ತಕ, ಮೂವತ್ತು ದಿನ: ನವೆಂಬರಿನ ಓದುಪಟ್ಟಿ ಎಷ್ಟು ಫಲ ಕೊಟ್ಟಿತು?

ರಾಜ್ಯೋತ್ಸವದ ತಿಂಗಳಿನಲ್ಲಾದರೂ ಕನ್ನಡವನ್ನು ಕ್ರಮವಾಗಿ ಓದಬೇಕೆಂಬ ಹುರುಪಿನಲ್ಲಿ, ಅಕ್ಟೋಬರಿನ ಕೊನೆಯ ಭಾನುವಾರ ಹಳೆಯ ದಿನಚರಿಯಿಂದ ಒಂದು ಹಾಳೆ ಹರಿದು, ಆರು ಪುಸ್ತಕಗಳ ಹೆಸರು ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ತೇಜಸ್ವಿಯವರ ‘ಕರ್ವಾಲೊ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’, ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’, ದೇವನೂರ ಮಹಾದೇವರ ‘ಕುಸುಮಬಾಲೆ’, ವೈದೇಹಿಯವರ ‘ಕ್ರೌಂಚ ಪಕ್ಷಿಗಳು’, ಕಡೆಯಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಒಟ್ಟು ಸುಮಾರು 1,400 ಪುಟ ಎಂದು ಅಂದಾಜು ಮಾಡಿ, ದಿನಕ್ಕೆ 50 ಪುಟದಂತೆ ಓದಿದರೆ 28 ದಿನಕ್ಕೆ ಮುಗಿಯುತ್ತದೆ, ಉಳಿದ ಎರಡು ದಿನ ನೆಂಟರಿಷ್ಟರಿಗೆ ಇರಲಿ ಎಂದು ಉದಾರವಾಗಿ ಬಿಟ್ಟುಕೊಟ್ಟೆ. ಈಗ ಡಿಸೆಂಬರ್ ಬಂದಿದೆ. ನಾಲ್ಕು ಮುಗಿದಿವೆ, ಒಂದು ಅರ್ಧಕ್ಕೂ ಬಂದಿಲ್ಲ, ಇನ್ನೊಂದರ ಮುಖವನ್ನೇ ನಾನು ಕಾಣಲಿಲ್ಲ. ಮನೆಗೆ ತಂದ ಮಿಕ್ಸಿಯನ್ನೋ ಉಂಡು ಬಂದ ಹೋಟೆಲನ್ನೋ ಪರಾಮರ್ಶಿಸುವವರು ಬೇಕಾದಷ್ಟಿದ್ದಾರೆ. ನಾನು ಈ ಪಟ್ಟಿಯನ್ನೂ ಅದಕ್ಕೆ ಪುಸ್ತಕ ಒದಗಿಸಿದ ಗ್ರಂಥಾಲಯವನ್ನೂ ಹಾಗೆಯೇ ತೂಗಿ ನೋಡಲು ಹೊರಟಿದ್ದೇನೆ.

ಮೊದಲು ಗ್ರಂಥಾಲಯದ ಮಾತು. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯ ಉದ್ಯಾನದ ಮೂಲೆಯಲ್ಲಿರುವ ಎರಡು ಕೋಣೆಗಳ ಕಟ್ಟಡ. 1965ರ ಕಾಯ್ದೆಯ ಪ್ರಕಾರ ಮನೆಯ ಕಂದಾಯದ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲರೂ ವರ್ಷಾವರ್ಷ ಕಟ್ಟುತ್ತೇವೆ. ಆದರೂ ರಸೀದಿಯ ಆ ಸಾಲನ್ನು ಓದಿ, ಕೊಟ್ಟ ಹಣಕ್ಕೆ ಒಂದು ಪುಸ್ತಕವನ್ನಾದರೂ ತರೋಣವೆಂದು ಹೊರಟವರು ನಮ್ಮ ಬೀದಿಯಲ್ಲಿ ಯಾರೂ ಇದ್ದಂತಿಲ್ಲ. ಸಣ್ಣ ಠೇವಣಿ ಕಟ್ಟಿ ಸದಸ್ಯನಾದರೆ ಒಂದು ಸಲಕ್ಕೆ ಎರಡು ಪುಸ್ತಕ, ಹದಿನೈದು ದಿನದ ಗಡುವು. ಬೆಳಗಿನ ಹೊತ್ತು ದಿನಪತ್ರಿಕೆಗಾಗಿ ಬರುವ ನಿವೃತ್ತರಿಂದಲೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಂದಲೂ ಅಲ್ಲಿ ಕುರ್ಚಿ ಸಿಗುವುದು ಕಷ್ಟ. ಕಾದಂಬರಿಯ ಕಪಾಟಿನ ಮುಂದೆ ಮಾತ್ರ ಯಾವಾಗಲೂ ಜಾಗ ಖಾಲಿ.

ನವೆಂಬರ್ 1ರಂದು ‘ಕರ್ವಾಲೊ’ ಹಿಡಿದೆ, 3ರ ರಾತ್ರಿ ಮುಗಿಸಿದೆ. 1980ರಲ್ಲಿ ಬಂದ ಈ ಕಾದಂಬರಿಯನ್ನು ನಾನು ಕಾಲೇಜಿನಲ್ಲಿ ಒಮ್ಮೆ ಓದಿದ್ದೆ. ಆಗ ಹಾರುವ ಓತಿಯೊಂದೇ ನೆನಪಿನಲ್ಲಿ ಉಳಿದಿತ್ತು. ಈ ಸಲ ಓತಿಗಿಂತ ಮಂದಣ್ಣನೇ ಹೆಚ್ಚು ಕಾಡಿದ. ಊರಿನ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ, ವಿಜ್ಞಾನಿಯ ಕಣ್ಣಿಗೆ ಕಾಡನ್ನು ಬಲ್ಲವನು; ಈ ಎರಡು ನೋಟಗಳ ನಡುವೆ ನಿರೂಪಕ ಸಿಕ್ಕಿಕೊಂಡು ಗೊಂದಲಪಡುವುದೇ ಪುಸ್ತಕದ ನಿಜವಾದ ತಮಾಷೆ. ನಗಿಸುತ್ತ ನಡೆಸಿಕೊಂಡು ಹೋಗುವ ಗದ್ಯವಾದ್ದರಿಂದ ದಿನದ 50 ಪುಟದ ಲೆಕ್ಕ ಸಲೀಸಾಗಿ ಹೊಂದಿತು. ಪಟ್ಟಿಯ ಮೇಲೆ ನನಗೆ ಅತಿಯಾದ ನಂಬಿಕೆ ಬಂದದ್ದು ಈ ಮೂರು ದಿನಗಳಲ್ಲಿಯೇ.

ಮುಂದಿನ ಆರು ದಿನಗಳಲ್ಲಿ ಪಟ್ಟಿ ತಾನು ಉದ್ದೇಶಿಸದ ಒಂದು ಉಪಕಾರವನ್ನು ಮಾಡಿತು. ‘ಘಾಚರ್ ಘೋಚರ್’ ಮುಗಿದ ಮಾರನೆಯ ದಿನವೇ ‘ಊರುಕೇರಿ’ಯನ್ನು ತೆರೆಯಬೇಕಾಗಿ ಬಂದದ್ದರಿಂದ, ಒಂದೇ ಬೆಂಗಳೂರಿನ ಎರಡು ಮನೆಗಳ ನಡುವೆ ಗೋಡೆ ಒಡೆದಂತಾಯಿತು. ಮೊದಲನೆಯದರಲ್ಲಿ ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ ಕುದುರಿ ಕೆಳಮಧ್ಯಮ ವರ್ಗದ ಕುಟುಂಬವೊಂದು ದಿಢೀರನೆ ಶ್ರೀಮಂತವಾಗುತ್ತದೆ; ಹಳೆಯ ಮನೆಯಲ್ಲಿ ಇರುವೆಗಳ ಜೊತೆ ಗುದ್ದಾಡುತ್ತಿದ್ದ ಮಂದಿ, ಹೊಸ ಮನೆಯಲ್ಲಿ ಹೊರಗಿನಿಂದ ಬಂದ ಮನುಷ್ಯರನ್ನೂ ಅದೇ ಕಣ್ಣಿನಿಂದ ನೋಡತೊಡಗುತ್ತಾರೆ. ಕಾಫಿ ಹೌಸಿನಲ್ಲಿ ಕೂತ ನಿರೂಪಕ ಏನನ್ನೂ ನೇರವಾಗಿ ಒಪ್ಪಿಕೊಳ್ಳುವುದಿಲ್ಲ. ಅವನು ಹೇಳದೆ ಬಿಟ್ಟದ್ದನ್ನು ಕೂಡಿಸಿಕೊಳ್ಳುವ ಕೆಲಸ ಓದುಗನದು. ಶೀರ್ಷಿಕೆಯ ಪದ ಯಾವ ನಿಘಂಟಿನಲ್ಲಿಯೂ ಇಲ್ಲ, ಬಿಡಿಸಲಾಗದ ಸಿಕ್ಕಿಗೆ ನಿರೂಪಕನ ಹೆಂಡತಿಯ ತವರಿನವರು ಕಟ್ಟಿಕೊಂಡ ಮನೆಮಾತು ಅದು. ನಮ್ಮ ಮನೆಯಲ್ಲಿ ಈಗ ಚಾರ್ಜರಿನ ತಂತಿಗಳಿಗೆಲ್ಲ ಅದೇ ಹೆಸರು ಬಿದ್ದಿದೆ ಎಂಬುದನ್ನು ಪುಸ್ತಕಕ್ಕೆ ಸಲ್ಲಬೇಕಾದ ಪ್ರಶಂಸೆಯೆಂದೇ ದಾಖಲಿಸುತ್ತೇನೆ.

‘ಊರುಕೇರಿ’ಯ ಆರಂಭದಲ್ಲಿ, ಮಾಗಡಿ ಸೀಮೆಯ ಮಂಚನಬೆಲೆಯ ಹುಡುಗನೊಬ್ಬ ಹೊಲದಲ್ಲಿ ಎತ್ತಿನ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ನಡೆಯುತ್ತಿರುವುದನ್ನು ಕಾಣುತ್ತಾನೆ, ಅವರಲ್ಲಿ ಒಬ್ಬ ಅವನ ಅಪ್ಪ. ಈ ದೃಶ್ಯವನ್ನು ಸಿದ್ಧಲಿಂಗಯ್ಯನವರು ದನಿ ಎತ್ತರಿಸದೆ, ಕಣ್ಣಿಗೆ ಬಿದ್ದದ್ದನ್ನಷ್ಟೇ ಇಟ್ಟು, ಮುಂದಕ್ಕೆ ಹೋಗಿಬಿಡುತ್ತಾರೆ. ನಾನು ಹೋಗಲಿಲ್ಲ. ಅಂದು ರಾತ್ರಿ ಓದಿದ್ದು ಮೂರೋ ನಾಲ್ಕೋ ಪುಟ. ಅವರ ಕುಟುಂಬ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದಮೇಲೆ, ಹಾಸ್ಟೆಲಿನ ದಿನಗಳಲ್ಲಿ, ಪುಸ್ತಕದ ತುಂಬ ನಗು ಹಬ್ಬುತ್ತದೆ. ಬಸ್ಸಿನಲ್ಲಿ ಓದುತ್ತ ನಾನು ಗಟ್ಟಿಯಾಗಿ ನಕ್ಕು ಪಕ್ಕದವರ ಸಂಶಯದ ನೋಟಕ್ಕೆ ಗುರಿಯಾದದ್ದೂ ಉಂಟು. ಆದರೆ ಆ ನಗುವಿನ ಕೆಳಗೆ ನೊಗ ಇದ್ದೇ ಇರುತ್ತದೆ. ಹಿಂದಿನ ವಾರವಷ್ಟೇ ಓದಿದ ಕಾಫಿ ಹೌಸಿನ ಸಭ್ಯ ಸಂಕೋಚ ಈ ಪುಸ್ತಕದ ಪಕ್ಕದಲ್ಲಿ ಬೇರೆಯೇ ಆಗಿ ಕಂಡಿತು. ಈ ಎರಡನ್ನು ವರ್ಷಗಳ ಅಂತರದಲ್ಲಿ ಓದಿದ್ದರೆ ನನಗೆ ಹಾಗೆ ಅನ್ನಿಸುತ್ತಿರಲಿಲ್ಲ. ಪಟ್ಟಿಗೆ ಪೂರ್ಣ ಅಂಕ ಕೊಡುವುದಾದರೆ ಇಲ್ಲಿ ಮಾತ್ರ.

ಹತ್ತನೆಯ ತಾರೀಖಿನಿಂದ ಲೆಕ್ಕ ಕೆಟ್ಟಿತು. ‘ಕುಸುಮಬಾಲೆ’ ಆರು ಪುಸ್ತಕಗಳಲ್ಲಿ ಅತ್ಯಂತ ತೆಳ್ಳಗಿನದು. ಗ್ರಂಥಾಲಯದಲ್ಲಿ ಕೈಗೆತ್ತಿಕೊಂಡಾಗ ಎರಡೇ ದಿನದ ಕೆಲಸವೆಂದುಕೊಂಡೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಿರುಕಾದಂಬರಿ ನಂಜನಗೂಡು, ಚಾಮರಾಜನಗರ ಸೀಮೆಯ ಕೇರಿಯ ಆಡುಮಾತಿನಲ್ಲಿದೆ. ನಾನು ದಾವಣಗೆರೆಯ ಕಡೆಯವನು. ಮೊದಲ ಪುಟದಲ್ಲಿಯೇ ವಾಕ್ಯ ಎಲ್ಲಿ ಮುಗಿಯಿತು, ಮಾತಾಡಿದವರು ಯಾರು ಎಂಬುದು ತಿಳಿಯದೆ ಎರಡು ಸಲ ಹಿಂದಕ್ಕೆ ಬಂದೆ. ನನ್ನ ಕೈಯಲ್ಲಿದ್ದ ಪ್ರತಿಯಲ್ಲಿ ಹಿಂದಿನ ಓದುಗರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಪದಗಳ ಅರ್ಥ ಬರೆಯುತ್ತ ಹೋಗಿದ್ದರು, ದುಂಡಗಿನ ಅಕ್ಷರ, ಪ್ರತಿ ಪುಟಕ್ಕೆ ಎಂಟೋ ಹತ್ತೋ ಪದ. ಹನ್ನೆರಡನೆಯ ಪುಟದ ನಂತರ ಪೆನ್ಸಿಲ್ ಗುರುತು ಒಂದೂ ಇಲ್ಲ. ಅವರಿಗೆ ಭಾಷೆ ಒಲಿಯಿತೋ, ತಾಳ್ಮೆ ತೀರಿತೋ ತಿಳಿಯಲು ದಾರಿಯಿರಲಿಲ್ಲ.

ನನ್ನನ್ನು ದಡ ಸೇರಿಸಿದವರು ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿ, ನಂಜನಗೂಡಿನ ಕಡೆಯವರು. ಊಟದ ಹೊತ್ತಿನಲ್ಲಿ ಪುಸ್ತಕವನ್ನು ಅವರ ಮುಂದಿಟ್ಟು, “ಅಮ್ಮಾವ್ರೇ, ಇದೊಂದು ಪುಟ ಓದಿ ಹೇಳಿ” ಎಂದೆ. ಅವರು ಕೈ ತೊಳೆದುಕೊಂಡು ಬಂದು, ಕನ್ನಡಕ ಏರಿಸಿ, ಒಂದೆರಡು ಸಾಲು ಮನಸ್ಸಿನಲ್ಲಿಯೇ ಓದಿಕೊಂಡು, “ಕಣ್ಣಲ್ಲಿ ಓದಿದ್ರೆ ಇದು ಬರಾಕಿಲ್ಲ ಸಾರ್, ಬಾಯಲ್ಲಿ ಓದ್ಬೇಕು” ಎಂದು ಗಟ್ಟಿಯಾಗಿ ಆರಂಭಿಸಿದರು. ನನಗೆ ತೊಡಕಾಗಿ ಕಂಡಿದ್ದ ವಾಕ್ಯ ಅವರ ಉಸಿರಿನಲ್ಲಿ ತಾನಾಗಿ ತುಂಡಾಯಿತು. ಎಲ್ಲಿ ರಾಗ ಎಳೆಯಬೇಕು, ಎಲ್ಲಿ ಬೈಗುಳ, ಎಲ್ಲಿ ಮುದ್ದು ಎಂಬುದೆಲ್ಲ ದನಿಯಲ್ಲಿಯೇ ಇತ್ತು. ಅಲ್ಲಿಂದ ಮುಂದೆ ದಿನಕ್ಕೆ ಹತ್ತು ಪುಟ, ಅದೂ ಬಾಯಿಬಿಟ್ಟು, ಬಾಗಿಲು ಹಾಕಿಕೊಂಡು. ನಡುರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಆಡಿಕೊಳ್ಳುವ ಭಾಗವನ್ನು ನಾನು ಮೂರು ಸಲ ಓದಿದೆ. ಈ ಕಾದಂಬರಿಯಲ್ಲಿ ಮಂಚವೂ ಕಥೆ ಹೇಳುತ್ತದೆಂದು ಬೇರೆಯವರು ವಿವರಿಸಿದ್ದಾಗ ತಂತ್ರವೆಂದುಕೊಂಡಿದ್ದೆ. ಆ ಭಾಷೆಯೊಳಗೆ ಕೂತು ಕೇಳಿದಾಗ ಮಂಚ ಮಾತಾಡದಿದ್ದರೆ ಅದೇ ವಿಚಿತ್ರ ಎನ್ನುವಂತಾಯಿತು. ಮುಗಿದದ್ದು ಇಪ್ಪತ್ತಕ್ಕೆ, ಎಂದರೆ ಅಂದುಕೊಂಡದ್ದರ ಐದು ಪಟ್ಟು.

ನನ್ನ ಪಟ್ಟಿಯ ಮೂಲದೋಷ ಇದೇ: ಅದು ಪುಟಗಳನ್ನು ಎಣಿಸಿತ್ತು. ಕನ್ನಡದ ಪುಸ್ತಕದಲ್ಲಿ ಓದಿನ ವೇಗವನ್ನು ನಿರ್ಧರಿಸುವುದು ಪುಟಸಂಖ್ಯೆಗಿಂತ ಹೆಚ್ಚಾಗಿ ಅದರ ಮಾತು ಯಾವ ಸೀಮೆಯದು ಎಂಬುದು, ಓದುವವನ ಕಿವಿ ಅಲ್ಲಿಗೆ ಎಷ್ಟು ದೂರ ಎಂಬುದು. ಪಠ್ಯಪುಸ್ತಕದ ಕನ್ನಡದಲ್ಲಿ ಬೆಳೆದ ನಾವು ಎಲ್ಲವನ್ನೂ ಒಂದೇ ಓಟದಲ್ಲಿ ಓದಬಲ್ಲೆವೆಂದು ನಂಬಿಕೊಂಡಿರುತ್ತೇವೆ. ಚಾಮರಾಜನಗರದ ಓದುಗರಿಗೆ ‘ಕುಸುಮಬಾಲೆ’ ಒಂದು ಸಂಜೆಯ ಪುಸ್ತಕವಾಗಿರಬಹುದು, ಅವರಿಗೆ ಧಾರವಾಡದ ಆಡುಮಾತಿನ ಕಥೆಯೊಂದು ವಾರ ಹಿಡಿಯಬಹುದು. ಯಾರೋ ಪ್ರಕಟಿಸಿದ ತಿಂಗಳ ಪಟ್ಟಿಯನ್ನು ಇನ್ನೊಬ್ಬರು ಹಾಗೆಯೇ ಎತ್ತಿಕೊಂಡರೆ ಕೆಲಸಕ್ಕೆ ಬಾರದಿರುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ, ನನ್ನ ಪಟ್ಟಿಯೂ ಅದಕ್ಕೆ ಹೊರತಲ್ಲ.

‘ಕ್ರೌಂಚ ಪಕ್ಷಿಗಳು’ ವಿಷಯದಲ್ಲಿ ತಪ್ಪು ಪಟ್ಟಿಯದಲ್ಲ. 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕಥಾಸಂಕಲನ ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಇದೆ, ಕಪಾಟಿನಲ್ಲಿ ಇಲ್ಲ. ಯಾರಿಗೂ ಕೊಟ್ಟ ಗುರುತಿಲ್ಲವಾದ್ದರಿಂದ ಅದು ಒಳಗೇ ಇರಬೇಕೆಂಬುದು ಗ್ರಂಥಪಾಲಕರ ವಾದ. ಅವರೊಬ್ಬರೇ ಸಿಬ್ಬಂದಿ, ಕಟ್ಟು ಬಿಚ್ಚದ ಹೊಸ ಪುಸ್ತಕಗಳ ಮೂಟೆಗಳು ಅವರ ಮೇಜಿನ ಬಲಗಡೆ ಸೊಂಟದ ಎತ್ತರಕ್ಕೆ ನಿಂತಿವೆ. ಎರಡು ಶನಿವಾರ ನಾನೂ ಅವರೂ ಸೇರಿ ಹುಡುಕಿದೆವು; ವೈದೇಹಿಯವರ ಕುಂದಾಪುರದ ಕನ್ನಡ ಸಿಗಲಿಲ್ಲ, ಕಾನೂನಿನ ಕೈಪಿಡಿಗಳ ಹಿಂದೆ ಇಲಿ ಕಡಿದ ಎರಡು ವಿಶ್ವಕೋಶದ ಸಂಪುಟ ಸಿಕ್ಕವು. ಸೇವೆಯ ಬಗ್ಗೆ ಹೇಳುವುದಾದರೆ ಮನುಷ್ಯರಿಗೆ ಹತ್ತಕ್ಕೆ ಒಂಬತ್ತು, ವ್ಯವಸ್ಥೆಗೆ ನಾಲ್ಕು. ಕೊಂಡು ಓದಬಹುದಿತ್ತು ಎನ್ನುವುದು ನಿಜ. ಆದರೆ ಕರ ಕಟ್ಟಿದ ಗ್ರಂಥಾಲಯದಿಂದಲೇ ಆರನ್ನೂ ಓದಬೇಕೆಂಬ ಹಟ ತೊಟ್ಟಿದ್ದೆ, ಹಟ ನನಗೇ ಮುಳುವಾಯಿತು.

ಉಳಿದದ್ದು ‘ಮಲೆಗಳಲ್ಲಿ ಮದುಮಗಳು’. 1967ರ ಈ ಕಾದಂಬರಿ ಏಳುನೂರು ಪುಟಗಳ ಆಸುಪಾಸಿನದು. ಅದನ್ನು ತಿಂಗಳ ಕೊನೆಗೆ ಇಟ್ಟದ್ದು ಶುದ್ಧ ಅವಿವೇಕ. ಬೆಂಗಳೂರಿನ ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೆದ ಇದರ ರಂಗರೂಪವನ್ನು, ಶಾಲು ಹೊದ್ದು, ರಂಗದಿಂದ ರಂಗಕ್ಕೆ ಎದ್ದು ನಡೆಯುತ್ತ ನೋಡಿದ್ದೆನಾದ್ದರಿಂದ ಕಥೆ ಗೊತ್ತಿದೆ, ಓಟ ಸುಲಭವೆಂದು ಭಾವಿಸಿದ್ದೆ. ಆದರೆ ನಾಟಕದಲ್ಲಿ ನಟರ ಮುಖ ನೋಡಿ ನೆನಪಿಟ್ಟುಕೊಂಡ ಮನೆತನಗಳು ಪುಸ್ತಕದಲ್ಲಿ ಬರೀ ಹೆಸರುಗಳಾಗಿ ಎದುರಾದವು. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ. ಯಾವ ಮನೆಯ ಹೆಗ್ಗಡೆ ಯಾರಿಗೆ ಬೀಗ, ಯಾವ ಕೇರಿಯ ಆಳು ಯಾರ ಜೀತಕ್ಕೆ ಸೇರಿದವನು ಎಂಬುದನ್ನು ಕೊನೆಗೆ ಒಂದು ಉದ್ದನೆಯ ಹಾಳೆಯಲ್ಲಿ ಚಿತ್ರ ಬರೆದುಕೊಂಡು ಮುಂದುವರಿಯಬೇಕಾಯಿತು. ಚಿತ್ರ ಬರೆದಮೇಲೆ ಓದು ಹದಕ್ಕೆ ಬಂತು. ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಜೊತೆಗೆ ಕರೆದುಕೊಂಡು ಕಾಡುದಾರಿಯಲ್ಲಿ ನಡೆಯುವ ಆರಂಭದ ಅಧ್ಯಾಯಗಳಲ್ಲಿ ಕುವೆಂಪು ಅವರಿಗೆ ಒಂದಿಷ್ಟೂ ಆತುರವಿಲ್ಲ. ಆತುರ ನನ್ನದು, ಫ್ರಿಜ್ಜಿನ ಮೇಲಿನ ಹಾಳೆಯದು. ದಿನಕ್ಕೆ 50 ಪುಟ ನುಂಗಲು ಹೋದ ಮೊದಲ ಎರಡು ರಾತ್ರಿಗಳಲ್ಲಿ ಓದಿದ್ದು ಏನೂ ದಕ್ಕದೆ, ಆ ಪುಟಗಳನ್ನು ಮತ್ತೆ ಓದಿದೆ. ಆ ನಾಯಿಗೆ ಮುಂದೆ ಏನಾಗುತ್ತದೆಂಬುದು ನಾಟಕ ನೋಡಿದ ನನಗೆ ಗೊತ್ತಿದೆ, ಆ ಪುಟ ಬೇಗ ಬಾರದಿರಲೆಂದೂ ಒಳಗೊಳಗೆ ಅನ್ನಿಸುತ್ತಿದೆ.

ನವೆಂಬರ್ 30ರ ರಾತ್ರಿ ನಾನು 287ನೆಯ ಪುಟದಲ್ಲಿದ್ದೆ. ಪುಸ್ತಕದ ಗಡುವು ಡಿಸೆಂಬರ್ 5ಕ್ಕೆ ತೀರಿತು. ಅಂದು ಗ್ರಂಥಾಲಯಕ್ಕೆ ಒಯ್ದು ಇನ್ನೂ ಹದಿನೈದು ದಿನ ಕೇಳಿದಾಗ, ಗ್ರಂಥಪಾಲಕರು ಹಿಂಬದಿಯ ಚೀಟಿಯ ಮೇಲಿದ್ದ ಹಳೆಯ ಮುದ್ರೆಗಳನ್ನು ನೋಡಿ, “ಇದನ್ನು ಒಂದೇ ಗಡುವಿನಲ್ಲಿ ತಂದುಕೊಟ್ಟವರು ಯಾರೂ ಇಲ್ಲ ಬಿಡಿ” ಎಂದು ಹೊಸ ತಾರೀಖು ಒತ್ತಿಕೊಟ್ಟರು. ಫ್ರಿಜ್ಜಿನ ಬಾಗಿಲಿನ ಪಟ್ಟಿಯನ್ನು ಕಿತ್ತಿದ್ದೇನೆ. ಮನೆತನಗಳ ಚಿತ್ರವಿರುವ ಹಾಳೆ ಈಗ ಅದೇ ಆಯಸ್ಕಾಂತದ ಕೆಳಗಿದೆ.