ಒಂದೇ ಮಳಿಗೆ, ಎರಡು ತಕ್ಕಡಿ: ಹಳೆಯ ವಾಚು ಮತ್ತು ಹಳೆಯ ಒಡವೆ ಮಾರಲು ಹೋದ ಅನುಭವ

ಅಮ್ಮ ತೀರಿಕೊಂಡು ಒಂದು ವರ್ಷ ಕಳೆದ ಮೇಲೆ ಬ್ಯಾಂಕಿನ ಲಾಕರ್ ತೆರೆದಾಗ ನಮಗೆ ಸಿಕ್ಕಿದ್ದು ಮೂರು ವಸ್ತುಗಳು: ಅಜ್ಜಿಯ ಕಾಲದ ಒಂದು ಗುಂಡಿನ ಸರ, ಒಂದು ಜೊತೆ ಕೆಂಪಿನ ಓಲೆ ಮತ್ತು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಅಪ್ಪನ ಒಮೆಗಾ ಕೈಗಡಿಯಾರ. ಹಡಗಿನ ಕೆಲಸದಲ್ಲಿದ್ದ ಸೋದರಮಾವ 1966ರಲ್ಲಿ ಏಡನ್ ಬಂದರಿನಿಂದ ತಂದುಕೊಟ್ಟ ವಾಚು ಅದು. ಅಕ್ಕನ ಮಕ್ಕಳಾಗಲಿ ನನ್ನ ಮಗನಾಗಲಿ ಇವುಗಳನ್ನು ಧರಿಸುವವರಲ್ಲ ಎಂದು ಖಚಿತವಾದ ಮೇಲೆ, ಹಳೆಯ ಐಷಾರಾಮಿ ವಾಚುಗಳನ್ನೂ ಹಳೆಯ ಒಡವೆಗಳನ್ನೂ ಕೊಳ್ಳುವ ಮತ್ತು ಮಾರುವ, ಬೆಂಗಳೂರಿನ ದಂಡು ಪ್ರದೇಶದ ಒಂದು ಮಳಿಗೆಗೆ ನಾವಿಬ್ಬರೂ ಹೋದೆವು. ಎರಡು ತಿಂಗಳಲ್ಲಿ ನಾಲ್ಕು ಸಲ ಅಲ್ಲಿಗೆ ಹೋಗಿ ಬಂದ ಅನುಭವ ಇದು. ದೂರು ಹೇಳಬೇಕಾದ ಸಂಗತಿಗಳೂ ಇರುವುದರಿಂದ ಮಳಿಗೆಯ ಹೆಸರನ್ನು ಬರೆಯುತ್ತಿಲ್ಲ.

ಫಲಕದ ಮೇಲೆ 'ಎಸ್ಟೇಟ್ ಜುವೆಲ್ಲರಿ' ಎಂದಿದೆ. ಎಸ್ಟೇಟ್ ಎಂದೊಡನೆ ಚಿಕ್ಕಮಗಳೂರಿನ ಕಾಫಿ ತೋಟ ನೆನಪಾಗುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಇಲ್ಲಿ ಆ ಮಾತಿಗೆ, ತೀರಿಕೊಂಡವರು ಬಿಟ್ಟುಹೋದ ಆಸ್ತಿಯಲ್ಲಿ ಸೇರಿದ ಒಡವೆ ಎಂದರ್ಥ. ಅಂಥ ಒಡವೆಯನ್ನು ಕರಗುವ ಚಿನ್ನವೆಂದು ನೋಡದೆ, ಅದರ ಕೆಲಸಗಾರಿಕೆ, ಕಾಲ ಮತ್ತು ಕಲ್ಲುಗಳನ್ನು ಲೆಕ್ಕಕ್ಕೆ ಹಿಡಿದು ಬೆಲೆ ಕಟ್ಟುವುದು ಈ ವ್ಯಾಪಾರದ ಉದ್ದೇಶ. ನಾವು ಅವೆನ್ಯೂ ರಸ್ತೆಯ ಚಿನ್ನದ ಅಂಗಡಿಗಳನ್ನು ಬಿಟ್ಟು ಇಲ್ಲಿಗೆ ಬಂದದ್ದೂ ಆ ಫಲಕವನ್ನು ನಂಬಿಯೇ.

ಮೊದಲು ವಾಚಿನ ವಿಭಾಗದ ಮಾತು, ಏಕೆಂದರೆ ಹೊಗಳಲು ಅಲ್ಲಿ ಬೇಕಾದಷ್ಟಿದೆ. ಅರವತ್ತು ದಾಟಿದ ಗಡಿಯಾರ ತಜ್ಞರೊಬ್ಬರು ಅಪ್ಪನ ವಾಚನ್ನು ಕೈಗೆತ್ತಿಕೊಂಡು, ನಮ್ಮೊಂದಿಗೆ ಒಂದು ಮಾತೂ ಆಡದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂರು ನಾಲ್ಕು ನಿಮಿಷ ಗಾಜನ್ನೇ ನೋಡಿದರು. ಆಮೇಲೆ ಆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ಗಾಜಿನ ನಟ್ಟನಡುವೆ ನೋಡಿ ಎಂದರು. ಸಾಸಿವೆಗಿಂತ ಚಿಕ್ಕದಾದ ಒಮೆಗಾ ಚಿಹ್ನೆಯೊಂದು ಅಲ್ಲಿ ಕೊರೆದಿತ್ತು. ಅಪ್ಪ ಈ ವಾಚನ್ನು ಸುಮಾರು ಐವತ್ತು ವರ್ಷ ಕಟ್ಟಿದ್ದರು. ಆ ಗುರುತು ಅವರ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ. ಕಂಪನಿಯ ಅಸಲಿ ಪ್ಲಾಸ್ಟಿಕ್ ಗಾಜಿಗೆ ಅದು ಸಾಕ್ಷಿಯಂತೆ. ಹಿಂಬದಿಯ ಮುಚ್ಚಳ ತೆಗೆದಾಗ ಒಳಗಿನ ಯಂತ್ರ ತಾಮ್ರದ ಹೊಸ ಚೊಂಬಿನ ಬಣ್ಣದಲ್ಲಿ ಹೊಳೆಯಿತು. ಅದು 24 ಜ್ಯುವೆಲ್‌ಗಳ (ಸವೆತ ತಡೆಯುವ ಪುಟ್ಟ ಕಲ್ಲುಗಳ) 552 ಕ್ಯಾಲಿಬರ್, ಅಂದರೆ ಆ ಮಾದರಿಯ ಯಂತ್ರ, ಗಂಟೆಗೆ 19,800 ಬಡಿತದ್ದು ಎಂದು ತಿಳಿಸಿ, ವಾಚನ್ನು ಟೈಮ್‌ಗ್ರಾಫರ್ ಎಂಬ ಪುಟ್ಟ ಉಪಕರಣದ ಮೇಲಿಟ್ಟರು. ದಿನಕ್ಕೆ 25 ಸೆಕೆಂಡ್ ಹಿಂದೆ ಬೀಳುತ್ತಿದೆ, ಚಕ್ರದ ತೂಗಾಟ 190 ಡಿಗ್ರಿಗೆ ಇಳಿದಿದೆ, ಎಣ್ಣೆ ಒಣಗಿದೆ, ಸರ್ವಿಸ್ ಆಗಲೇಬೇಕು ಎಂಬುದು ಅವರ ತೀರ್ಮಾನ. ಕೀ ಕೊಡುವ ಗುಂಡಿ ಮಾತ್ರ ಮೂಲದ್ದಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಮನೆಯಿಂದ ಹೊರಡುವ ಮೊದಲು ವಾಚಿಗೆ ಪಾಲಿಶ್ ಮಾಡಿಸಿಕೊಂಡು ಹೋಗೋಣವೆಂದು ಅಕ್ಕ ಹೇಳಿದ್ದಳು. ಹಾಗೆ ಮಾಡಿಸದೆ ಬಂದದ್ದು ನಮ್ಮ ಪುಣ್ಯ. ಬೆಲ್ಟ್ ಸಿಕ್ಕಿಸುವ ನಾಲ್ಕು ಮೂಲೆಗಳ ಅಂಚು ಚೂಪಾಗಿ ಉಳಿದಿರುವುದೇ ಈ ವಾಚಿನ ದೊಡ್ಡ ಗುಣ. ಒಮ್ಮೆ ಪಾಲಿಶ್ ಚಕ್ರಕ್ಕೆ ಹಿಡಿದರೆ ಉಕ್ಕು ಸವೆದು ಅಂಚು ದುಂಡಗಾಗುತ್ತದೆ, ಸವೆದದ್ದು ಮತ್ತೆ ಬರುವುದಿಲ್ಲ. ಡಯಲ್ಲಿನ ಮೇಲಿನ ಎರಡು ಕಂದು ಚುಕ್ಕೆಗಳನ್ನೂ ಹಾಗೇ ಬಿಡಬೇಕಂತೆ. ಅಪ್ಪ ಆ ಚುಕ್ಕೆಗಳ ಬಗ್ಗೆ ಜೀವಮಾನವಿಡೀ ಬೇಸರಪಟ್ಟುಕೊಂಡಿದ್ದರು.

ಬೆಲೆಯ ಮಾತಿಗೆ ಬಂದಾಗ ನಮ್ಮ ಮುಂದೆ ಎರಡು ದಾರಿಗಳನ್ನಿಟ್ಟರು. ಅಲ್ಲೇ ಮಾರಿದರೆ 42,000 ರೂಪಾಯಿ. ಕನ್ಸೈನ್‌ಮೆಂಟ್, ಅಂದರೆ ಅವರ ಅಂಗಡಿಯಲ್ಲಿಟ್ಟು ಮಾರಿಕೊಡುವ ಕರಾರಿಗೆ ಒಪ್ಪಿದರೆ 58,000 ರೂಪಾಯಿಯ ಚೀಟಿ ಹಚ್ಚಿ, ಮಾರಾಟವಾದ ಮೇಲೆ ಶೇ. 15ರಷ್ಟು ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕೌಂಟರಿನಲ್ಲಿದ್ದ ಯುವಕ ಎರಡನೆಯದನ್ನೇ ಉತ್ಸಾಹದಿಂದ ಹೇಳುತ್ತಿದ್ದ. ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನಾದ್ದರಿಂದ ಕರಾರು ಪತ್ರದ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವಿದೆ. ಕಮಿಷನ್ 8,700 ರೂಪಾಯಿ. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ ಎಂದರೆ 1,566 ರೂಪಾಯಿ; ಸರ್ವಿಸ್ ವೆಚ್ಚ 7,500 ರೂಪಾಯಿ ಮಾರುವವನದೇ. ಇಷ್ಟನ್ನೂ ಕಳೆದರೆ ಕೈಗೆ ಬರುವುದು 40,234 ರೂಪಾಯಿ, ಅದೂ ತೊಂಬತ್ತು ದಿನದೊಳಗೆ ಗಿರಾಕಿ ಸಿಕ್ಕಿ, ಆತ ಚೌಕಾಸಿ ಮಾಡದೆ ಕೊಂಡರೆ. ಕಾಗದದ ಮೇಲೆ ಈ ಲೆಕ್ಕವನ್ನು ಬರೆದು ತೋರಿಸಿದಾಗ ಯುವಕ ನಕ್ಕ, ಗಡಿಯಾರ ತಜ್ಞರು ಒಳಗೆ ಹೋಗಿ ಮಾಲೀಕರೊಡನೆ ಮಾತಾಡಿ ಬಂದು 44,000 ಎಂದರು. ಒಪ್ಪಿದೆವು. ಬೆಲೆ ಹೆಚ್ಚಿನ ವಾಚುಗಳಿಗೆ ಕನ್ಸೈನ್‌ಮೆಂಟ್ ಲಾಭದಾಯಕವಾಗಿರಬಹುದು. ಐವತ್ತು ಅರವತ್ತು ಸಾವಿರದ ಆಸುಪಾಸಿನ ವಾಚಿಗೆ ಸರ್ವಿಸ್ ಖರ್ಚೇ ಅದರ ಲಾಭವನ್ನೆಲ್ಲ ನುಂಗಿಹಾಕುತ್ತದೆ.

ಕಾಗದಪತ್ರದ ವಿಷಯದಲ್ಲಿಯೂ ಈ ವಿಭಾಗ ಅಚ್ಚುಕಟ್ಟು. ಇಬ್ಬರ ಪ್ಯಾನ್ ಮತ್ತು ಆಧಾರ್ ಪ್ರತಿ, ವಾಚು ಪಿತ್ರಾರ್ಜಿತವೆಂದೂ ಬೇರೆ ವಾರಸುದಾರರಿಲ್ಲವೆಂದೂ ಬರೆದ ಘೋಷಣಾಪತ್ರ, ಅಕ್ಕನ ಪ್ರತ್ಯೇಕ ಒಪ್ಪಿಗೆ ಇವೆಲ್ಲವನ್ನೂ ಕೇಳಿ ಪಡೆದರು. ಅಕ್ಕನಿಗೆ ಇದು ಅತಿಯೆನಿಸಿತು. ಕದ್ದ ಮಾಲು ಸುಲಭವಾಗಿ ಕೈ ಬದಲಿಸುವ ಈ ವ್ಯಾಪಾರದಲ್ಲಿ ಇಷ್ಟನ್ನೂ ಕೇಳದ ಅಂಗಡಿಯ ಬಗ್ಗೆಯೇ ಅನುಮಾನಪಡಬೇಕೆಂಬುದು ನನ್ನ ಅಭಿಪ್ರಾಯ. ಹಣ ಅದೇ ಸಂಜೆ ಬ್ಯಾಂಕ್ ಖಾತೆಗೆ ಬಂತು.

ಇಷ್ಟಾದರೂ ವಾಚು ಕೊಳ್ಳಲು ಹೋಗುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ರೋಲೆಕ್ಸ್, ಒಮೆಗಾಗಳಿರುವ ಕಪಾಟಿನ ಪಕ್ಕದ ತಟ್ಟೆಯಲ್ಲಿ ಏಳೆಂಟು ಎಚ್‌ಎಂಟಿ ವಾಚುಗಳಿದ್ದವು. ಅವುಗಳಲ್ಲೊಂದು ಪೈಲಟ್ ಎಂಬ ಮಾದರಿಯದು, ಕಪ್ಪು ಡಯಲ್ ನಿನ್ನೆ ತಾನೇ ಕಾರ್ಖಾನೆಯಿಂದ ಬಂದಂತೆ ಮಿನುಗುತ್ತಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ವಾಚು ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ತೀರ್ಮಾನಿಸಿದೆ. ಅದಕ್ಕೂ ಎಷ್ಟೋ ಹಿಂದಿನ ಪೈಲಟ್ ವಾಚಿನ ಡಯಲ್ ಇಷ್ಟು ಹೊಸದಾಗಿರುವುದು ಹೇಗೆ? ಕೇಳಿದಾಗ, 'ಸಾರ್, ಅದು ರಿಡಯಲ್' ಎಂದು ಯುವಕ ಒಪ್ಪಿಕೊಂಡ. ಅಂದರೆ ಹಳೆಯ ಡಯಲ್ಲನ್ನು ಕೆರೆದು ಹೊಸದಾಗಿ ಬಣ್ಣ ಬಳಿದು ಅಕ್ಷರ ಮುದ್ರಿಸಿದ್ದು. ಮುಂಬೈಯಲ್ಲಿ ಇದೊಂದು ಕಸುಬೇ ಆಗಿದ್ದು, ಎಚ್‌ಎಂಟಿ, ಫೇವರ್ ಲೂಬಾ, ಒಮೆಗಾ ಯಾವುದನ್ನೂ ಬಿಟ್ಟಿಲ್ಲ. ಕೇಳಿದರೆ ನಿಜ ಹೇಳುತ್ತಾರೆ, ಸರಿ. ಚೀಟಿಯಲ್ಲಿ ಮಾತ್ರ 'ವಿಂಟೇಜ್, ಸುಸ್ಥಿತಿ' ಎಂದಷ್ಟೇ ಬರೆದಿತ್ತು. ಈ ವಿಷಯದಲ್ಲಿ ಮೋಸಹೋಗುವವರು ಅರಿಯದವರಷ್ಟೇ ಎಂದೇನೂ ಇಲ್ಲ. 2021ರಲ್ಲಿ ಜಿನೀವಾ ಹರಾಜಿನಲ್ಲಿ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋದ, ಒಮೆಗಾದ್ದೇ ಹಳೆಯ ಸ್ಪೀಡ್‌ಮಾಸ್ಟರ್ ವಾಚೊಂದನ್ನು ಕೊಂಡದ್ದು ಸ್ವತಃ ಒಮೆಗಾ ಕಂಪನಿ. ಅದು ಬೇರೆ ಬೇರೆ ವಾಚುಗಳ ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ್ದೆಂದು ಎರಡು ವರ್ಷದ ಬಳಿಕ ಕಂಪನಿಯೇ ಹೇಳಬೇಕಾಯಿತು.

ಇನ್ನು ಒಡವೆಯ ವಿಭಾಗ. ಅದೇ ಮಳಿಗೆ, ಅದೇ ಮಾಲೀಕರು, ಹತ್ತು ಹೆಜ್ಜೆಯ ಅಂತರ. ಗುಂಡಿನ ಸರವನ್ನು ಕೈಗೆತ್ತಿಕೊಂಡವರು ಭೂತಗನ್ನಡಿಯನ್ನು ಹುಡುಕಲಿಲ್ಲ. ನೇರವಾಗಿ ತಕ್ಕಡಿಯ ಮೇಲಿಟ್ಟರು. 39.8 ಗ್ರಾಂ. ಗುಂಡಿನ ಸರವೆಂದರೆ ತೆಳ್ಳನೆಯ ಚಿನ್ನದ ತಗಡಿನ ಎರಡು ಅರ್ಧಗೋಳಗಳನ್ನು ಬೆಸೆದು, ನಜ್ಜಾಗದಂತೆ ಒಳಗೆ ಅರಗು ತುಂಬಿದ ಗುಂಡುಗಳ ಸರ; ನಮ್ಮದರಲ್ಲಿ 42 ಗುಂಡುಗಳಿವೆ. ಅರಗಿನ ತೂಕ ಕಳೆಯುವುದು ನ್ಯಾಯವೇ. ಆದರೆ ಅವರು ಸರವನ್ನು ಅಂಗೈಯಲ್ಲಿ ಎರಡು ಸಲ ತೂಗಿ, 16 ಗ್ರಾಂ ಅರಗು ಎಂದು ಅಂದಾಜಿನ ಮೇಲೆ ಕಳೆದುಬಿಟ್ಟರು. ಎಕ್ಸ್‌-ಕಿರಣ ಬಿಟ್ಟು ಚಿನ್ನದ ಪಾಲು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಒಂದೇ ಜಾಗದಲ್ಲಿ ಶುದ್ಧತೆ ನೋಡಿ ಶೇ. 84.1 ಎಂದರು, ಕರಗಿಸುವಾಗಿನ ಸವಕಳಿಯೆಂದು ಅದರಲ್ಲೂ 2 ಅಂಶ ಇಳಿಸಿದರು. ಹೀಗೆ ಅಜ್ಜಿಯ ಸರ 19.5 ಗ್ರಾಂ ಅಪರಂಜಿಗೆ ಬಂದು ನಿಂತಿತು. ಕೆಲಸಗಾರಿಕೆಗೆ ಬೆಲೆಯಿಲ್ಲವೇ ಎಂದು ಅಕ್ಕ ಕೇಳಿದ್ದಕ್ಕೆ, 'ಹಳೇ ಡಿಸೈನ್ ಅಮ್ಮಾ, ಕರಗಿಸಲೇಬೇಕು' ಎಂದರು. ಅವರ ಬೆನ್ನ ಹಿಂದಿನ ಗಾಜಿನ ಪೆಟ್ಟಿಗೆಯಲ್ಲಿ, ಹೊಸದಾಗಿ ಮಾಡಿ 'ಆಂಟಿಕ್' ಬಣ್ಣ ಕೊಟ್ಟ ಗುಂಡಿನ ಸರವೊಂದು ಶೇ. 18 ವೇಸ್ಟೇಜ್ ಚೀಟಿಯೊಂದಿಗೆ ತೂಗುತ್ತಿತ್ತು.

ಸರವನ್ನು ವಾಪಸು ತೆಗೆದುಕೊಂಡು ಮರುದಿನ ನಗರ್ತಪೇಟೆಯ ಅಕ್ಕಸಾಲಿಯೊಬ್ಬರ ಬಳಿ ಹೋದೆವು. ಅವರ ವಿಧಾನ ಎಷ್ಟು ಸರಳವೆಂದರೆ, ನಮಗೇ ಹೊಳೆಯಬೇಕಿತ್ತು. ದಾರದಿಂದ ಒಂದು ಗುಂಡನ್ನು ಬಿಡಿಸಿ ತೂಗಿದರು: 0.92 ಗ್ರಾಂ. ಊದುಕೊಳವೆಯ ಉರಿಗೆ ಹಿಡಿದಾಗ ಬೆಸುಗೆ ಬಿಟ್ಟು, ಕಪ್ಪಗಿನ ಅರಗು ಕುದಿದು, ಹಳೆಯ ಅಂಚೆ ಕಚೇರಿಯ ವಾಸನೆ ಕೋಣೆಯಲ್ಲೆಲ್ಲ ಹರಡಿತು. ತೊಳೆದು ಒರೆಸಿ ಮತ್ತೆ ತೂಗಿದಾಗ 0.61 ಗ್ರಾಂ. ಗುಂಡೊಂದಕ್ಕೆ 0.31 ಗ್ರಾಂ ಅರಗಾದರೆ 42ಕ್ಕೆ 13 ಗ್ರಾಂ. ಮಳಿಗೆಯವರ ಅಂದಾಜಿಗಿಂತ ಮೂರು ಗ್ರಾಂ ಕಡಿಮೆ. ಆಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ 200 ರೂಪಾಯಿ ಶುಲ್ಕ ಮತ್ತು ಅದರ ಜಿಎಸ್‌ಟಿ ಕೊಟ್ಟು ನೋಡಿಸಿದಾಗ ಶುದ್ಧತೆ ಶೇ. 87.6 ಬಂತು, ಅಂದರೆ 21 ಕ್ಯಾರೆಟ್. ವ್ಯತ್ಯಾಸಕ್ಕೆ ಕಾರಣವೂ ಅಲ್ಲೇ ತಿಳಿಯಿತು: ಎಕ್ಸ್‌ಆರ್‌ಎಫ್ ಕಿರಣ ನೋಡುವುದು ಮೇಲ್ಮೈಯ ತೆಳು ಪದರವನ್ನು ಮಾತ್ರ, ಕಿರಣ ಬೆಸುಗೆಯ ಗೆರೆಯ ಮೇಲೆ ಬಿದ್ದರೆ ಅಂಕಿ ಇಳಿಯುತ್ತದೆ, ಏಕೆಂದರೆ ಬೆಸುಗೆಯಲ್ಲಿ ಚಿನ್ನದ ಪಾಲು ಕಡಿಮೆ. ಮಳಿಗೆಯವರು ಗುಂಡನ್ನು ಯಂತ್ರದೊಳಗೆ ಹೇಗೆ ಬಂತೋ ಹಾಗೆ ಇಟ್ಟಿದ್ದರು. ಎರಡೂ ತಿದ್ದುಪಡಿ ಸೇರಿಸಿದರೆ ಸರದಲ್ಲಿರುವ ಅಪರಂಜಿ 23.5 ಗ್ರಾಂ. ನಾಲ್ಕು ಗ್ರಾಂ ಅಪರಂಜಿ ಇಂದಿನ ದರದಲ್ಲಿ ಎಷ್ಟೆಂದು ಓದುಗರೇ ಲೆಕ್ಕ ಹಾಕಬಹುದು.

ಈ ವರದಿಯನ್ನು ಹಿಡಿದು ಮತ್ತೆ ಮಳಿಗೆಗೆ ಹೋದೆವು. ಶುದ್ಧತೆಯ ಅಂಕಿಯನ್ನು ತಕರಾರಿಲ್ಲದೆ ಒಪ್ಪಿಕೊಂಡರು. ಅರಗಿನ ವಿಷಯದಲ್ಲಿ ಮಾತ್ರ 'ಇದು ನಮ್ಮ ಪದ್ಧತಿ ಸಾರ್' ಎಂಬ ಒಂದೇ ಮಾತು. ಮಾರಲಿಲ್ಲ. ಪಿತ್ರಾರ್ಜಿತ ಚಿನ್ನ ಮಾರಿದರೆ ತೆರಿಗೆ ಏನೂ ಇಲ್ಲವೆಂದು ಅಲ್ಲಿ ಹೇಳಿದ್ದು ಕೂಡ ತಪ್ಪು. ಒಡವೆ ಬಂಡವಾಳ ಆಸ್ತಿಯೇ. 2001ಕ್ಕೂ ಹಿಂದಿನದಾದರೆ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯೆಂದು ಹಿಡಿದು, ಲಾಭದ ಮೇಲೆ ಈಗ ಶೇ. 12.5 ತೆರಿಗೆ ಬರುತ್ತದೆ.

ಅವರ ಕಡೆಯಿಂದ ಒಂದು ಒಳ್ಳೆಯ ಮಾತನ್ನೂ ಹೇಳಲೇಬೇಕು, ಅದು ಕೆಂಪಿನ ಓಲೆಯ ಬಗ್ಗೆ. ಬರ್ಮಾ ಕೆಂಪು ಎಂದು ಅಮ್ಮ ಹೇಳುತ್ತಿದ್ದುದನ್ನು ನಾವು ವೇದವಾಕ್ಯವೆಂದು ನಂಬಿದ್ದೆವು. ಕಲ್ಲುಗಳನ್ನು ನೋಡುವ ಹೆಣ್ಣುಮಗಳು, ಇಡೀ ಒಡವೆ ವಿಭಾಗದಲ್ಲಿ ಭೂತಗನ್ನಡಿ ಬಳಸಿದವರು ಅವರೊಬ್ಬರೇ, ಕಲ್ಲಿನೊಳಗೆ ಹಳೆಯ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ ಸಾಲುಗಳನ್ನು ತೋರಿಸಿದರು. ಫ್ರಾನ್ಸಿನ ವರ್ನೂಯಿ ಎಂಬ ವಿಜ್ಞಾನಿ ಉರಿಯಲ್ಲಿ ಕೆಂಪು ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಆ ಬಳಿಕ ಅಂಥ ಕಲ್ಲುಗಳು ನಮ್ಮ ಅಕ್ಕಸಾಲಿಗಳ ಕೈಗೂ ಧಾರಾಳವಾಗಿ ಬಂದವು. ಆದ್ದರಿಂದ ಅಜ್ಜಿಯ ಕಾಲದ್ದು ಎಂದ ಮಾತ್ರಕ್ಕೆ ಕಲ್ಲು ಗಣಿಯದಾಗಬೇಕಿಲ್ಲ. ಹಿಂದೆ ಮುಚ್ಚಿದ ಕುಂದಣದ ಕಟ್ಟು, ಅದರೊಳಗಿನ ಬಣ್ಣದ ತಗಡು ಸೇರಿ ಕೆಂಪಿಗೆ ಇನ್ನಷ್ಟು ಕೆಂಪು ಕೊಟ್ಟಿದ್ದವು. ಆಕೆ ಇದನ್ನು ನಮ್ಮ ಮನಸ್ಸು ನೋಯದಂತೆ, ಕಾಲು ಗಂಟೆ ಕೂತು ವಿವರಿಸಿದರು. ಅಕ್ಕ ಓಲೆಯನ್ನು ಅಲ್ಲೇ ಕಿವಿಗೆ ಹಾಕಿಕೊಂಡು ಹೊರಟಳು.

ಹಳೆಯ ಸ್ವಿಸ್ ವಾಚು ಮಾರಲು ಈ ಮಳಿಗೆಯನ್ನು ಯಾರಿಗಾದರೂ ಧೈರ್ಯವಾಗಿ ಸೂಚಿಸುತ್ತೇನೆ. ಒಡವೆ ಮಾರುವವರು ಮೊದಲು ಪರೀಕ್ಷಾ ಕೇಂದ್ರದ ಚೀಟಿ ಮಾಡಿಸಿಕೊಂಡು, ಅರಗಿನ ಒಡವೆಯಾದರೆ ಒಂದು ಗುಂಡು ಬಿಚ್ಚಿಸಿ ತೂಗಿಸಿಕೊಂಡು ಹೋಗಲಿ. ನಗರ್ತಪೇಟೆಯ ಅಕ್ಕಸಾಲಿ ಬಿಚ್ಚಿದ ಗುಂಡಿಗೆ ಮತ್ತೆ ಅರಗು ತುಂಬಿ ಬೆಸೆದು, ಸರವನ್ನು ಹೊಸ ದಾರದಲ್ಲಿ ಪೋಣಿಸಿಕೊಟ್ಟು 600 ರೂಪಾಯಿ ತೆಗೆದುಕೊಂಡರು. ಯಾವ ಗುಂಡೆಂದು ಈಗ ನಮಗೂ ಗುರುತು ಸಿಗುವುದಿಲ್ಲ.

ಕಳೆದ ವಾರ ಆ ರಸ್ತೆಯಲ್ಲಿ ಹೋಗುವಾಗ ಮಳಿಗೆಯ ಕಿಟಕಿಯಲ್ಲಿ ಅಪ್ಪನ ವಾಚು ಕಂಡಿತು. ಹೊಸ ಚರ್ಮದ ಪಟ್ಟಿ ಬಂದಿದೆ, ಕಂದು ಚುಕ್ಕೆಗಳೆರಡೂ ಇದ್ದಲ್ಲೇ ಇವೆ, ಅಂಚುಗಳು ಚೂಪಾಗಿಯೇ ಉಳಿದಿವೆ. ಚೀಟಿಯಲ್ಲಿ 'ಡಯಲ್ ಅಸಲಿ, ಪಾಲಿಶ್ ಆಗಿಲ್ಲ, ಕೀ ಕೊಡುವ ಗುಂಡಿ ಬದಲಾಗಿದೆ' ಎಂದು ಗಡಿಯಾರ ತಜ್ಞರ ಕೈಬರಹ. ಬೆಲೆ 68,000 ರೂಪಾಯಿ. ಪಕ್ಕದ ತಟ್ಟೆಯಲ್ಲಿ ಎಚ್‌ಎಂಟಿ ಪೈಲಟ್ ಇನ್ನೂ ಮಿನುಗುತ್ತಿತ್ತು, ಚೀಟಿ ಹಳೆಯದೇ.