ಜೀಪಿಗೆ ಬೇರಿಂಗ್ ತರುವವರೇ, ದುಡ್ಡು ಕೊಡುವ ಮೊದಲು ಗ್ರೀಸ್ ಒರೆಸಿ ನೋಡಿ

ಹಳೆ ಬೇರಿಂಗನ್ನೇ ಉಜ್ಜಿ, ಹೊಸ ಡಬ್ಬಕ್ಕೆ ಹಾಕಿ ಮಾರುತ್ತಿದ್ದಾರೆ. ನಮ್ಮ ಚಿಕ್ಕಮಗಳೂರಲ್ಲೇ. ನನಗೇ ಮಾರಿದ್ದಾರೆ. ಅಂಗಡಿ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಆದರೆ ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೆ ಜೀಪು ಇಟ್ಟುಕೊಂಡು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರು ಬೇಕಾದಷ್ಟು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಳೆ ಮಹೀಂದ್ರ. ಗೊಬ್ಬರ, ಕಾಫಿ ಮೂಟೆ, ತೋಟದ ಆಳುಗಳು ಎಲ್ಲಾ ಅದರಲ್ಲೇ. ಹಿಂದಿನ ಡಿಫರೆನ್ಶಿಯಲ್‌ನಿಂದ (ಇಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡೂ ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಗುಂಯ್ ಎನ್ನುವ ಸದ್ದು ಶುರುವಾಗಿತ್ತು. ಆಕ್ಸಿಲರೇಟರ್ ಬಿಟ್ಟರೂ ನಿಲ್ಲುತ್ತಿರಲಿಲ್ಲ. ಕವರ್ ಬಿಚ್ಚಿದೆ. ಒಳಗಿನ ದೊಡ್ಡ ಗೇರ್, ಅಂದರೆ ಕ್ರೌನ್ ವೀಲಿನ ಹಲ್ಲು ಚೆನ್ನಾಗಿತ್ತು, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್ ಬಿಗಿಯಾಗಿತ್ತು. ಎರಡೂ ಪಕ್ಕದ ಟೇಪರ್ ಬೇರಿಂಗ್ (ಓರೆಯಾಗಿ ಕೂತ ರೋಲರ್ ಇರುವ ಬೇರಿಂಗ್) ಮಾತ್ರ ಸವೆದು ಹೋಗಿತ್ತು.

ಹಳೆ ಬೇರಿಂಗ್ ಹಿಡಿದುಕೊಂಡು ಅಂಗಡಿಗೆ ಹೋದೆ. ‘ಒರಿಜಿನಲ್ ಇದೆ ಸಾರ್’ ಎಂದು ಅಂಗಡಿಯವನು ಹೆಸರಾಂತ ಕಂಪನಿಯ ಡಬ್ಬ ತಂದಿಟ್ಟ. ಬೆಲೆಯೂ ಒರಿಜಿನಲ್ ಬೆಲೆಯೇ, ಒಂದು ರೂಪಾಯಿ ಬಿಡಲಿಲ್ಲ. ತೆಗೆದು ನೋಡಿದರೆ ಮೈತುಂಬ ಗ್ರೀಸ್. ಒರೆಸಲು ಹೋದೆ. ‘ಧೂಳು ಕೂರುತ್ತೆ ಸಾರ್, ಹಂಗೇ ಇರ್ಲಿ’ ಎಂದು ಕೈಯಿಂದ ತೆಗೆದುಕೊಂಡು ಡಬ್ಬಕ್ಕೆ ಹಾಕಿಬಿಟ್ಟ. ಬಿಲ್ ಕೇಳಿದೆ. ‘ಕಂಪ್ಯೂಟರ್ ಕೆಟ್ಟಿದೆ’ ಎಂದು ಚೀಟಿಯಲ್ಲಿ ‘ಬೇರಿಂಗ್ 2 ಸೆಟ್’ ಎಂದು ಗೀಚಿ ಸೀಲ್ ಹೊಡೆದು ಕೊಟ್ಟ. ನಂಬರ್ ನಮ್ಮ ಹಳೆಯದಕ್ಕೆ ಸರಿಯಾಗಿ ಹೊಂದುತ್ತಿತ್ತು. ಅನುಮಾನ ಪಡಲು ಏನಿತ್ತು ಹೇಳಿ?

ಈ ಕೆಲಸ ಮಾಡಿದವರಿಗೆ ಗೊತ್ತು, ಇದು ಟೈರ್ ಬದಲಾಯಿಸಿದ ಹಾಗಲ್ಲ. ಬೇರಿಂಗ್ ಹಿಡಿದಿಡುವ ಎಡದ ಕ್ಯಾಪ್ ಎಡಕ್ಕೇ, ಬಲದ್ದು ಬಲಕ್ಕೇ ಬರಬೇಕು. ಕೋನ್ (ಬೇರಿಂಗಿನ ಒಳಬಳೆ) ಹಿಂದಿನ ಶಿಮ್, ಅಂದರೆ ತೆಳು ತಗಡಿನ ಬಿಲ್ಲೆ, ಸ್ವಲ್ಪ ಹೆಚ್ಚುಕಡಿಮೆಯಾದರೂ ಗೇರ್ ಹಲ್ಲುಗಳ ನಡುವಿನ ಸಡಿಲ, ಅಂದರೆ ಆಟ, ಕೆಟ್ಟು ಹೋಗುತ್ತದೆ. ಡಯಲ್ ಗೇಜ್ ಇಟ್ಟು ಆಟವನ್ನು 0.15 ರಿಂದ 0.20 ಮಿ.ಮೀ. ಒಳಗೆ ತಂದೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಸರಿಯಾಗಿ ಕೂಡುತ್ತಿವೆಯೇ ಎಂದು ಗುರುತು ನೋಡಿದೆ. ಹೊಸ ಗೇರ್ ಆಯಿಲ್ ತುಂಬಿಸಿದೆ. ಇಷ್ಟನ್ನೂ ಯಾಕೆ ಹೇಳುತ್ತಿದ್ದೇನೆ ಎಂದರೆ, ಆಮೇಲೆ ಅಂಗಡಿಯವನು ತಪ್ಪನ್ನೆಲ್ಲ ನನ್ನ ಫಿಟ್ಟಿಂಗ್ ತಲೆಗೇ ಕಟ್ಟಿದ.

ಕೆಲವೇ ವಾರ. ಅದೇ ಗುಂಯ್, ಮೊದಲಿಗಿಂತ ಜೋರಾಗಿ. ಜೀಪಿನಲ್ಲಿ ಆಳುಗಳು ಕೂತಿದ್ದರು. ‘ಈಗ ತಾನೇ ರೆಡಿ ಮಾಡಿದ್ರಲ್ಲಣ್ಣ?’ ಎಂದು ಒಬ್ಬಳು ಕೇಳಿದಾಗ ತಲೆ ಎತ್ತಲಾಗಲಿಲ್ಲ.

ಆಯಿಲ್ ಇಳಿಸಿದೆ. ಬೋಗುಣಿ ತುಂಬ ಮಿರಮಿರ ಮಿನುಗುವ ಲೋಹದ ಪುಡಿ. ಪುಲ್ಲರ್ ಹಾಕಿ ಕೋನ್ ಕಿತ್ತು, ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ರೋಲರ್‌ಗಳ ಮೈ ಸಿಪ್ಪೆ ಎದ್ದಿತ್ತು. ಹಿಂಬದಿ ತಿರುಗಿಸಿದೆ. ನಂಬರ್ ಇರುವ ಮುಖ ಅದು, ಫಿಟ್ ಮಾಡಿದ ಮೇಲೆ ಶಿಮ್ ಕಡೆಗೆ ಕೂತು ಮುಚ್ಚಿಹೋಗುತ್ತದೆ. ಅಲ್ಲಿ ಮಾತ್ರ ಒಂದೇ ದಿಕ್ಕಿಗೆ ಉಜ್ಜಿದ ಗೀರುಗಳು. ಹೊಸ ನಂಬರಿನ ಅಡಿಯಲ್ಲಿ ಇನ್ನೊಂದು ನಂಬರಿನ ಬಾಲ, ಅರ್ಧ ಅಳಿಸಿದ್ದು. ಪಕ್ಕದಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳು. ಎಣ್ಣೆಯಲ್ಲೇ ಮುಳುಗಿ ತಿರುಗುವ ಬೇರಿಂಗಿಗೆ ವಾರಗಳಲ್ಲಿ ಅಂಥ ತುಕ್ಕು ಎಲ್ಲಿಂದ ಬರುತ್ತದೆ? ಮೈಯೆಲ್ಲಾ ಉರಿದುಹೋಯಿತು. ಆ ಗ್ರೀಸ್ ಬಳಿದಿದ್ದು ಇದನ್ನು ಮುಚ್ಚಲು. ಇದನ್ನು ಮುಚ್ಚಲೆಂದೇ!

ಅಂಗಡಿಗೆ ತೆಗೆದುಕೊಂಡು ಹೋದೆ. ಮೊದಲು, ‘ಇದು ನಮ್ಮ ಮಾಲೇ ಅಲ್ಲ’ ಎಂದ. ಚೀಟಿ ತೋರಿಸಿದೆ. ‘ಡಿಫರೆನ್ಶಿಯಲ್ ಹೌಸಿಂಗ್‌ಗೆ ನೀರು ಹೋಗಿದೆ ಸಾರ್’ ಎಂದ. ಅರ್ಧ ಅಳಿಸಿದ ನಂಬರ್ ತೋರಿಸಿದೆ. ಅದನ್ನು ನೋಡಲೇ ಇಲ್ಲ. ಕಣ್ಣು ಮೊಬೈಲ್ ಮೇಲೆ. ‘ಮನೇಲಿ ಮೆಕ್ಯಾನಿಕ್ ಕೆಲಸ ಮಾಡಿ ಅಂತ ನಿಮಗೆ ಯಾರು ಹೇಳಿದ್ರು? ಗ್ಯಾರೇಜಿಗೆ ಬಿಡಬೇಕಿತ್ತು’ ಎಂದ. ಗಿರಾಕಿಗಳು ಸುತ್ತ ನಿಂತಿದ್ದಾರೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಕೊನೆಗೆ ಬಾಯಿ ಬಿಟ್ಟ: ‘ಆ ಹಳೇ ಗಾಡಿಗೆ ಇನ್ನೆಂಥ ಬೇರಿಂಗ್ ಬೇಕು ಸಾರ್, ಸುಮ್ನೆ ಗಲಾಟೆ ಮಾಡಬೇಡಿ.’ ಅಂದರೆ ಗೊತ್ತಿದ್ದೇ ಕೊಟ್ಟಿದ್ದು ಅಲ್ವಾ? ಆ ಹಳೇ ಗಾಡಿಯಲ್ಲಿ ಜನ ಕೂರುತ್ತಾರೆ. ಇಳಿಜಾರಿನಲ್ಲಿ ಮೂಟೆ ಹೇರಿಕೊಂಡು ಇಳಿಯುತ್ತದೆ. ಬೇರಿಂಗ್ ಪುಡಿಯಾಗಿ ಡಿಫರೆನ್ಶಿಯಲ್ ಹಿಡಿದುಕೊಂಡರೆ ಹಿಂದಿನ ಚಕ್ರವೇ ಲಾಕ್ ಆಗುತ್ತದೆ. ಯಾರು ಹೊಣೆ?

ಹೊಸ ಟೇಪರ್ ಬೇರಿಂಗಿಗೆ ತೆಳ್ಳಗೆ ಎಣ್ಣೆ ಸವರಿರುತ್ತದೆ, ಅಷ್ಟೇ. ದಪ್ಪಗೆ ಗ್ರೀಸ್ ಕಂಡರೆ ಅಲ್ಲೇ ಒರೆಸಿ. ಒರೆಸಲು ಬಿಡದಿದ್ದರೆ ಎದ್ದು ಬನ್ನಿ. ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ, ನಂಬರ್ ಬರೆದ ಪಕ್ಕಾ ಬಿಲ್ ಕೇಳಿ. ಎಸ್‌ಕೆಎಫ್ ಎಂಬ ಬೇರಿಂಗ್ ಕಂಪನಿಯ ಡಬ್ಬ ಆದರೆ ಅವರದೇ ‘ಅಥೆಂಟಿಕೇಟ್’ ಆ್ಯಪ್ ಇದೆ, ಫೋಟೋ ಕಳಿಸಿ ವಿಚಾರಿಸಬಹುದು. ಮಾರಿದ ಮಾಲು ವಾಪಸ್ ಇಲ್ಲ ಎಂದು ದಬಾಯಿಸಿದರೆ ಹೆದರಬೇಡಿ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ, 30 ದಿನದೊಳಗೆ ದೋಷವಿರುವ ಮಾಲು ವಾಪಸ್ ತಂದಾಗ ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನೂ ಅಲ್ಲಿಗೇ ಮಾಡಿದ್ದು.

ಆ ಎರಡು ಬೇರಿಂಗೂ, ಡಬ್ಬವೂ, ಚೀಟಿಯೂ ನನ್ನ ಹತ್ತಿರವೇ ಇವೆ. ‘ವಾಪಸ್ ಕೊಡಿ, ಅರ್ಧ ದುಡ್ಡು ಕೊಡ್ತೀನಿ’ ಎಂದು ಅಂಗಡಿಯವನು ಈಗ ಫೋನ್ ಮಾಡುತ್ತಿದ್ದಾನೆ. ಕೊಡುವುದಿಲ್ಲ. ಇತ್ತೀಚೆಗೆ ಇಲ್ಲಿ ಬೇರಿಂಗ್ ಕೊಂಡವರು ಯಾರಾದರೂ ಹೋಲಿಸಿ ನೋಡಬೇಕು ಎಂದರೆ ಬನ್ನಿ, ತೋರಿಸುತ್ತೇನೆ.