ಬೇರು, ಕಾರ್ಡ್, ಪತ್ರಿಕೆ: ಇಂಗ್ಲಿಷ್ ಪದಸಂಪತ್ತಿಗೆ ಯಾವುದು ವಾಸಿ?

ಹೋಂಸ್ಟೇ ಅತಿಥಿಗಳೊಂದಿಗೆ ಮಾತನಾಡುವಷ್ಟು ಇಂಗ್ಲಿಷ್ ಕೊಡಗಿನಲ್ಲಿ ಹೇಗೋ ಬಂದುಬಿಡುತ್ತದೆ. ಸೋಮವಾರಪೇಟೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಕಷ್ಟ ಶುರುವಾಗುವುದು ಅದರಾಚೆ: ಸಂಪಾದಕೀಯ ಅರ್ಥವಾಗಬೇಕು, ತೋಟದ ಕಚೇರಿಯಿಂದ ಹೋಗುವ ಪತ್ರಕ್ಕೆ ತೂಕವಿರಬೇಕು. ಅದಕ್ಕಾಗಿ ಮೂರು ದಾರಿ ಹಿಡಿದು ನೋಡಿದ್ದೇನೆ.

ಮೊದಲನೆಯದು, ಪರೀಕ್ಷೆಗೆ ಕೂರುವವರೆಲ್ಲ ಕೊಳ್ಳುವ ನಾರ್ಮನ್ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಸಿ'. 1949ರ ಪುಸ್ತಕ, ಇಂದಿಗೂ ಬೇಡಿಕೆ ತಗ್ಗಿಲ್ಲ. ಗ್ರೀಕ್, ಲ್ಯಾಟಿನ್ ಬೇರುಗಳನ್ನು ಹಿಡಿದು ಪದಗಳನ್ನು ಗೊಂಚಲಾಗಿ ಕಲಿಸುತ್ತದೆ. 'ಬೆನೆ' ಎಂದರೆ ಒಳಿತು, 'ಮಲ್' ಎಂದರೆ ಕೆಡುಕು. ಅಷ್ಟು ಗೊತ್ತಾದರೆ ಬೆನೆವೊಲೆಂಟ್, ಮಲೆವೊಲೆಂಟ್ ಎರಡೂ ಕೈಗೆ ಸಿಗುತ್ತವೆ. ಪ್ರಹಾರ, ಆಹಾರ, ಸಂಹಾರ, ವಿಹಾರ ಎಂದು ಉಪಸರ್ಗ ಬಾಯಿಪಾಠ ಮಾಡಿದ ನಮಗೆ ಈ ವಿದ್ಯೆ ಹೊಸದೇನಲ್ಲ. ಅದರ ಮಿತಿಯೂ ಅದೇ: ಬೇರು ಒಂದೇ ಎಂದು ತಿಳಿದ ಮಾತ್ರಕ್ಕೆ ಆಹಾರಕ್ಕೂ ಸಂಹಾರಕ್ಕೂ ಇರುವ ಅಂತರ ತಿಳಿಯುವುದಿಲ್ಲ. ಟ್ಯಾಂಕರ್ ಮೇಲಿನ 'ಇನ್‌ಫ್ಲೇಮಬಲ್' (ಬೆಂಕಿ ಹಿಡಿಯುವಂಥದ್ದು) ನೋಡಿ, 'ಅಲ್ಲ' ಎನ್ನುವ 'ಇನ್' ಇದೆಯಲ್ಲ, ಹಾಗಾದರೆ ಬೆಂಕಿ ಹಿಡಿಯದು ಎಂದುಕೊಂಡರೆ ಕಥೆ ಮುಗಿಯಿತು. ಕಂಡ ಪದವನ್ನು ಗುರುತಿಸಲು ಈ ಪುಸ್ತಕ ಒಳ್ಳೆಯದು. ಬರೆಯುವಾಗ ಅದೇ ಪದ ಪೆನ್ನಿಗೆ ಇಳಿಯುವುದಿಲ್ಲ.

ಎರಡನೆಯದು ಆಂಕಿ ಎಂಬ ಕಾರ್ಡ್ ಆ್ಯಪ್: ಕಾರ್ಡ್‌ನ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ನೆನಪಿರುವ ಪದವನ್ನು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಕೇಳುತ್ತದೆ. ಮರೆತದ್ದನ್ನು ಬೇಗ ಮತ್ತೆ ಮುಂದಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ಕಾಸು ಬಿಚ್ಚಬೇಕು. ಕಾರ್ಡ್‌ಗಳು ಮೊಬೈಲ್‌ನಲ್ಲೇ ಇರುವುದರಿಂದ ಆಷಾಢದ ಮಳೆಗೆ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೆ ಕೈಕೊಟ್ಟರೂ, ಚಾರ್ಜ್ ಇರುವವರೆಗೆ ಪಾಠ ನಿಲ್ಲದು. ಆದರೆ ಯಾರೋ ಸಿದ್ಧಪಡಿಸಿದ ಸಾವಿರಾರು ಪದಗಳ ಕಟ್ಟನ್ನು ಇಳಿಸಿಕೊಳ್ಳುವುದು ನನ್ನ ಮಟ್ಟಿಗೆ ದಂಡ. ಹಿಂದುಮುಂದಿಲ್ಲದ ಪದ ತಲೆಯಲ್ಲಿ ಕೂರುವುದಿಲ್ಲ, ಕೂತರೂ ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು ಇಂಗ್ಲಿಷ್ ಪತ್ರಿಕೆ, ಜೊತೆಗೆ ಕಲಿಯುವವರಿಗೆಂದೇ ಮಾಡಿದ ನಿಘಂಟು. ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಹೇಳಿ ಸುಮ್ಮನಾಗುತ್ತದೆ. ಲಾಂಗ್‌ಮನ್ ಕಲಿಕಾ ನಿಘಂಟು ಸುಮಾರು 2,000 ಸುಲಭ ಪದಗಳಲ್ಲೇ ಅರ್ಥ ಬಿಡಿಸಿ, ಆ ಪದದ ಒಡನಾಟ ಯಾವ ಪದಗಳೊಂದಿಗೆ ಎಂಬುದನ್ನೂ ತೋರಿಸುತ್ತದೆ. 2018ರ ಭೂಕುಸಿತದ ನಂತರ ನಮ್ಮ ಜಿಲ್ಲೆಯ ವರದಿಗಳಲ್ಲಿ 'ಮಿಟಿಗೇಟ್' (ತೀವ್ರತೆ ತಗ್ಗಿಸು) ಪದೇ ಪದೇ ಕಾಣಿಸಿಕೊಂಡಿತು. ಅಪಾಯವನ್ನು, ಹಾನಿಯನ್ನು, ಪರಿಣಾಮವನ್ನು 'ಮಿಟಿಗೇಟ್' ಮಾಡಬಹುದು, ಮಳೆಯನ್ನಲ್ಲ. ಬೇರಿನ ಪುಸ್ತಕದಿಂದ ಈ ಸೂಕ್ಷ್ಮ ನನಗೆ ದಕ್ಕುತ್ತಿರಲಿಲ್ಲ. ಪತ್ರಿಕೆಯ ದೋಷವೆಂದರೆ ಅದು ನೆನಪಿಸುವುದಿಲ್ಲ. ಇಂದು ಕಂಡ ಪದ ಮತ್ತೆ ಸಿಗುವಷ್ಟರಲ್ಲಿ ಕಾಫಿ ಕೊಯ್ಲೇ ಮುಗಿದಿರುತ್ತದೆ.

ಹಾಗಾಗಿ ನನ್ನ ಮತ ಎರಡನೆಯ ಮತ್ತು ಮೂರನೆಯ ದಾರಿಗಳ ಜೋಡಿಗೆ. ಪತ್ರಿಕೆಯ ವಾಕ್ಯವನ್ನೇ ಕಾರ್ಡ್‌ನ ಮುಂಬದಿಗೆ ಹಾಕಿ, ಪದದ ಜಾಗ ಖಾಲಿ ಬಿಡುತ್ತೇನೆ; ಹಿಂಬದಿಯಲ್ಲಿ ಪದ, ಅದರ ಒಡನಾಡಿ ಪದಗಳು, ನಾನೇ ಬರೆದ ಇನ್ನೊಂದು ವಾಕ್ಯ. ಒಂದು ಕಾರ್ಡ್‌ಗೆ ಐದು ನಿಮಿಷ ಹಿಡಿದರೂ ಸರಿ. ಒಂದು ಪುಟದಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಎತ್ತಿಕೊಳ್ಳುವುದಿಲ್ಲ, ಎತ್ತಿಕೊಂಡರೆ ಓದಿನ ರುಚಿಯೇ ಕೆಡುತ್ತದೆ. ಪರೀಕ್ಷೆ ತಲೆಯ ಮೇಲೆ ಬಂದು ಕೂತವರು ಮಾತ್ರ ಲೂಯಿಸ್ ಪುಸ್ತಕದಿಂದಲೇ ಆರಂಭಿಸಲಿ; ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಲು ಅಷ್ಟು ಸಾಕು.